ಫ್ರಿಜ್ಜಿನಲ್ಲಿಟ್ಟ ಸಕ್ಕರೆ ಆರತಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸಕ್ಕರೆಯ ಆನೆಗಳು ಎರಡು ಇದ್ದವೆಂದು ನಾನು ಹೇಳುತ್ತೇನೆ, ತಂಗಿ ನಾಲ್ಕು ಎನ್ನುತ್ತಾಳೆ. ಆ ದಿನ ನನ್ನ ತವರೂರು ಬೈಲಹೊಂಗಲದಲ್ಲಿ ಜಿಟಿಜಿಟಿ ಮಳೆ ಹಿಡಿದಿತ್ತೆಂದು ನನ್ನ ನೆನಪು. ಅವ್ವನ ಪ್ರಕಾರ ಬರೀ ಮೋಡ. ಜಗಳ ತೀರಿಸಲು ದಿನಚರಿ ತೆಗೆದು ನೋಡಿದರೆ ಅಲ್ಲಿ ಇರುವುದು ಮೂರೇ ವಾಕ್ಯ: ‘ಗೌರಿ ಹುಣ್ಣಿಮೆ. ಬೀಗರು ಬಂದಿದ್ದರು. ಆರತಿ ಚೆನ್ನಾಗಿ ಆಯಿತು.’ ಅಕ್ಷರ ನನ್ನದೇ. ಮೊದಲ ಎರಡು ವಾಕ್ಯಗಳ ಮಟ್ಟಿಗೆ ದಿನಚರಿಯನ್ನು ನಂಬಬಹುದು.

ಆಗ ನಾನು ಮದುವೆಯಾಗಿ ಕಿತ್ತೂರಿನಲ್ಲಿದ್ದೆ, ಅಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ವರ್ಷಕ್ಕೊಮ್ಮೆ ದ್ರಾವಣಗಳ ಪಾಠ ಬರುತ್ತಿತ್ತು. ಎರಡು ಗಾಜಿನ ಲೋಟ, ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು. ಎರಡಕ್ಕೂ ಚಮಚ ಚಮಚ ಸಕ್ಕರೆ ಹಾಕುತ್ತ ಹೋಗುವುದು. ತಣ್ಣೀರು ಬೇಗ ಸಾಕೆನ್ನುತ್ತದೆ, ಸಕ್ಕರೆ ತಳದಲ್ಲಿ ಕೂರುತ್ತದೆ. ಬಿಸಿನೀರು ಮಾತ್ರ ಹಬ್ಬದ ಊಟಕ್ಕೆ ಕೂತ ಗಂಡಸರಂತೆ ಬೇಡವೆನ್ನುವುದೇ ಇಲ್ಲ. ಕರಿಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದೆ: ಉಷ್ಣತೆ ಏರಿದಂತೆ ಸಕ್ಕರೆಯ ಗೆರೆ ಮೇಲೇರುತ್ತದೆ. ಉಪ್ಪಿನದು ಹೆಚ್ಚು ಕಡಿಮೆ ಮಲಗಿಯೇ ಇರುತ್ತದೆ; ಅದಕ್ಕೆ ಬಿಸಿಯೂ ಒಂದೇ, ತಣ್ಣಗೂ ಒಂದೇ. ಆ ಗೆರೆಗಳನ್ನು ಎಳೆದೂ ಎಳೆದೂ ನನಗೆ ಸಕ್ಕರೆಯ ಬಗ್ಗೆ ಎಲ್ಲವೂ ಗೊತ್ತಿದೆ ಎನ್ನುವ ಭಾವನೆ ಬಂದುಬಿಟ್ಟಿತ್ತು.

ನಮ್ಮ ಕಡೆ, ನಿಶ್ಚಯವಾದ ಹುಡುಗಿಗೆ ಬರುವ ಮೊದಲ ಗೌರಿ ಹುಣ್ಣಿಮೆಗೆ ಗಂಡಿನ ಮನೆಯಿಂದ ಸಕ್ಕರೆ ಆರತಿ ಬರಬೇಕು. ಸಕ್ಕರೆಯ ಪಾಕವನ್ನು, ಎರಡು ಹೋಳು ಕೂಡಿಸಿ ದಾರದಿಂದ ಬಿಗಿದ ಕಟ್ಟಿಗೆಯ ಅಚ್ಚುಗಳಲ್ಲಿ ಹೊಯ್ದು ತೆಗೆದ ಬೆಳ್ಳನೆಯ ಗೊಂಬೆಗಳು: ಬಸವಣ್ಣ, ಆನೆ, ಕುದುರೆ, ನವಿಲು, ತುಳಸಿ ಕಟ್ಟೆ. ದೀಪ ಹಚ್ಚುವ ಹೊತ್ತಿಗೆ ಹುಡುಗಿ ಅವನ್ನು ತಾಟಿನಲ್ಲಿಟ್ಟುಕೊಂಡು ಗೌರಿಗೆ ಬೆಳಗುತ್ತಾಳೆ. ಮರುದಿನ ಮುರಿದು ಓಣಿಗೆಲ್ಲ ಹಂಚುತ್ತಾರೆ. ಮರುದಿನ ಮುರಿಯಬಹುದು, ಆದರೆ ಅದಕ್ಕೂ ಮೊದಲು ಮುರಿಯಬಾರದು. ಕಿವಿಯಿಲ್ಲದ ಆನೆ, ಕಾಲಿಲ್ಲದ ಕುದುರೆಯನ್ನು ಬೆಳಗಿದರೆ ಆ ಸಂಬಂಧ ಕೂಡುವುದಿಲ್ಲ ಎಂದು ಹಿರಿಯರು ನಂಬುತ್ತಾರೆ. ನಾನು ನಂಬುವುದಿಲ್ಲ. ನಾನು ನಂಬುತ್ತೇನೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

ತಂಗಿಯ ವಿಷಯದಲ್ಲಿ ಇದು ಬರೀ ನಂಬಿಕೆಯ ಮಾತಾಗಿ ಉಳಿದಿರಲಿಲ್ಲ. ಹಿಂದಿನ ವರ್ಷ ಸವದತ್ತಿಯ ಕಡೆಯ ಒಂದು ಸಂಬಂಧ ಗಟ್ಟಿಯಾಗಿ, ಮುರಿದು ಹೋಗಿತ್ತು. ನಿಶ್ಚಯದ ದಿನ ಒಡೆದ ತೆಂಗಿನಕಾಯಿ ಒಳಗೆ ಕೆಟ್ಟಿತ್ತು. ಅವರು ಅಂದು ಏನೂ ಅನ್ನಲಿಲ್ಲ, ಉಂಡರು, ಎಲೆಅಡಿಕೆ ಹಾಕಿಕೊಂಡರು. ತಿಂಗಳ ಮೇಲೆ ‘ಈ ವರ್ಸ ಬ್ಯಾಡ್ರಿ, ಮುಂದ ನೋಡೂಣು’ ಎಂದು ಹೇಳಿ ಕಳಿಸಿದರು. ಡಿ.ಎಡ್. ಮುಗಿಸಿ ಮನೆಯಲ್ಲಿದ್ದ ತಂಗಿ ಆಮೇಲೆ ಬಹಳ ದಿನ ಓಣಿಯ ಬಾವಿಯ ಕಡೆಯ ದಾರಿ ಬಿಟ್ಟು ಹಿಂದಿನ ದಾರಿಯಿಂದ ಓಡಾಡುತ್ತಿದ್ದಳು. ಈ ಸಲದ್ದು ರಾಮದುರ್ಗ ತಾಲೂಕಿನ ಸಂಬಂಧ, ಕಟಕೋಳದ ಹತ್ತಿರದ ಹಳ್ಳಿ. ಹುಡುಗನನ್ನು ಅವಳು ಮೆಚ್ಚಿದ್ದಳು. ಸಂಜೆ ಮಾಳಿಗೆ ಹತ್ತಿ ಫೋನಿನಲ್ಲಿ ಮಾತಾಡುತ್ತಿದ್ದಳು, ಇಳಿದು ಬಂದ ಮೇಲೂ ಸ್ವಲ್ಪ ಹೊತ್ತು ಮುಖ ನಗುತ್ತಲೇ ಇರುತ್ತಿತ್ತು. ಎರಡನೇ ಸಲವೂ ಮುರಿದರೆ ಮೂರನೆಯವರು ಬಾಗಿಲಿಗೆ ಬರುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಹುಡುಗನ ಕಾಕಾ ಬಸ್ಸಿನಲ್ಲಿ ಬಂದು, ತೊಡೆಯ ಮೇಲೆ ಹೊತ್ತು ತಂದ ಸ್ಟೀಲಿನ ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟರು. ಹುಡುಗನ ತಾಯಿ ತಾನೇ ಕೂತು ಮಾಡಿದ ಗೊಂಬೆಗಳಂತೆ. ಮರುದಿನ ಸಂಜೆ ಅವರ ಮನೆಯ ಹೆಂಗಸರು ತಂಗಿಗೆ ಸೀರೆ ಉಡಿಸಲು ಬರುವವರಿದ್ದರು.

ಹಬ್ಬಕ್ಕೆ ನಾನೂ ತವರಿಗೆ ಬಂದಿದ್ದೆ. ಹೋಳಿಗೆಗೆಂದು ನೇಸರಗಿಯಿಂದ ದೊಡ್ಡವ್ವ ಬಂದಿದ್ದಳು, ಅವ್ವನ ಅಕ್ಕ. ಡಬ್ಬಿಯ ಮುಚ್ಚಳ ತೆಗೆದು ಒಂದು ಆನೆಯ ಬೆನ್ನು ಮುಟ್ಟಿ ನೋಡಿದಳು.

“ಮೋಡದ ಹವಾ, ಸ್ವಲ್ಪ ಜಿಗಿ ಬಿಡಾಕತ್ತೈತಿ. ಒಲಿ ಮ್ಯಾಲಿನ ಹಲಗಿ ಮ್ಯಾಲ ಇಡ್ರಿ. ಬೆಚ್ಚಗಿರ್ತಾವ.”

“ಬೆಚ್ಚಗಿಟ್ರ ಕರಗತಾವ, ದೊಡ್ಡವ್ವಾ,” ಎಂದೆ ನಾನು. “ಬಿಸಿ ಹೆಚ್ಚಾದಷ್ಟೂ ಸಕ್ರಿ ಕರಗೂದು ಹೆಚ್ಚು. ಎಂಟನೇ ಕ್ಲಾಸಿನ ಹುಡುಗರಿಗೂ ಗೊತ್ತೈತಿ.”

“ಎಂಟನೇ ಕ್ಲಾಸಿನ ಹುಡುಗರ ಲಗ್ನ ಅಲ್ಲ ಯವ್ವಾ ಇದು.”

“ತಣ್ಣಗಿಟ್ರ ಏನೂ ಆಗೂದಿಲ್ಲ. ಫ್ರಿಜ್ಜಿನ್ಯಾಗ ಇಡತೇನಿ.”

ದೊಡ್ಡವ್ವ ಅವ್ವನ ಮುಖ ನೋಡಿದಳು. ಅವ್ವ ನನ್ನ ಮುಖ ನೋಡಿದಳು. “ಆಕಿ ಕಲತಾಕಿ, ಇಡಲಿ ಬಿಡಕ್ಕಾ,” ಎಂದಳು. ಇಷ್ಟು ವರ್ಷಗಳಲ್ಲಿ ಅವ್ವ ನನ್ನ ಎಂ.ಎಸ್ಸಿ.ಯನ್ನು ಹೊಗಳಿದ್ದು ಅದೊಂದೇ ಸಲ. ಹಾಲು, ಕೊತ್ತಂಬರಿಯನ್ನೆಲ್ಲ ಹೊರಗೆ ತೆಗೆದು, ಗೊಂಬೆಗಳನ್ನು ಒಂದೊಂದಾಗಿ ತಾಟಿನಲ್ಲಿ ಜೋಡಿಸಿ, ತಾಟನ್ನು ಫ್ರಿಜ್ಜಿನ ನಡುವಿನ ಮನೆಯಲ್ಲಿಟ್ಟೆ. ಚಳಿಯನ್ನು ಹೆಚ್ಚಿಗೆ ಮಾಡುವ ಗುಂಡಿಯನ್ನೂ ತಿರುಗಿಸಿದೆನೆಂದು ತಂಗಿ ಹೇಳುತ್ತಾಳೆ. ನನಗೆ ಅದು ನೆನಪಿಲ್ಲ, ಆದರೆ ನಾನು ಮಾಡುವಂಥದ್ದೇ.

ಮರುದಿನ ಮಧ್ಯಾಹ್ನ ಎರಡರ ಸುಮಾರಿಗೆ ತಾಟು ಹೊರಗೆ ತೆಗೆದೆ. ಗೊಂಬೆಗಳು ನೆಟ್ಟಗಿದ್ದವು, ಕಲ್ಲಿನಂತೆ ತಣ್ಣಗಿದ್ದವು. ‘ನೋಡ್ರಿ’ ಎಂದು ಹೇಳಿದ್ದು ಚೆನ್ನಾಗಿ ನೆನಪಿದೆ. ಅವಮಾನಕ್ಕೆ ಮುಂಚಿನ ಮಾತುಗಳು ಹೇಗೋ ಮರೆಯುವುದಿಲ್ಲ. ಅಡುಗೆಮನೆಯಲ್ಲಿ ಹೂರಣದ ಬೇಳೆ ಕುದಿಯುತ್ತಿತ್ತು, ಇನ್ನೊಂದು ಒಲೆಯ ಮೇಲೆ ಅನ್ನ. ಕಿಟಕಿಯ ಗಾಜು ಕಾಣದಷ್ಟು ಉಗಿ. ತಾಟನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೂವು ಪೋಣಿಸಲು ಕೂತೆ. ಸ್ವಲ್ಪ ಹೊತ್ತಿಗೆ ತಂಗಿ, “ಅಕ್ಕಾ, ಆನಿ ಬೆವರಾಕತ್ತಾವಲ್ಲ,” ಎಂದಳು.

ಬೆವರುತ್ತಿದ್ದವು ನಿಜ. ಮೈತುಂಬ ಸಣ್ಣ ಹನಿ. ಆಗ ನಾನು ಮಾಡಿದ್ದನ್ನು ಇವತ್ತಿಗೂ ನನ್ನ ವಿದ್ಯಾರ್ಥಿಗಳಿಗೆ ಹೇಳಿಲ್ಲ. ಇನ್ನಷ್ಟು ತಣ್ಣಗಾಗಲಿ ಎಂದು ತಾಟನ್ನು ಮತ್ತೆ ಫ್ರಿಜ್ಜಿಗಿಟ್ಟೆ. ಅರ್ಧ ಗಂಟೆಯ ಮೇಲೆ ಮತ್ತೆ ತೆಗೆದೆ. ಈ ಸಲ ಹನಿ ಕೂಡಿ ಹರಿಯತೊಡಗಿತು. ಗಾಬರಿಯಾಗಿ ಟಾವೆಲ್ಲಿನಿಂದ ಒರೆಸಿದೆ. ಬಸವಣ್ಣನ ಕಣ್ಣು ಟಾವೆಲ್ಲಿಗೆ ಬಂದವು. ಕುದುರೆಯ ಮುಂಗಾಲು ಸಣ್ಣಗಾಗಿ ಅದು ನಿಧಾನವಾಗಿ ಮೊಳಕಾಲೂರಿತು. ನವಿಲಿನ ಕುತ್ತಿಗೆ ನನ್ನ ಕೈಯಲ್ಲೇ ಉಳಿಯಿತು.

ಕರಿಹಲಗೆಯ ಮೇಲೆ ನಾನೆಳೆಯುವ ಗೆರೆಯಲ್ಲಿ ತಪ್ಪೇನಿರಲಿಲ್ಲ. ಇಷ್ಟು ನೀರಿನಲ್ಲಿ, ಇಷ್ಟು ಬಿಸಿಯಲ್ಲಿ ಎಷ್ಟು ಸಕ್ಕರೆ ಕರಗುತ್ತದೆ ಎಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ. ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳುವುದಿಲ್ಲ. ಒಣಗಿರುವ ಸಕ್ಕರೆ ಬೆಚ್ಚಗಿದ್ದರೂ ಕರಗಲು ಅದಕ್ಕೆ ನೀರೇ ಇರುವುದಿಲ್ಲ. ತಣ್ಣನೆಯ ಸಕ್ಕರೆಯನ್ನು ಉಗಿಯಲ್ಲಿಟ್ಟರೆ ಗಾಳಿಯಲ್ಲಿನ ಉಗಿಯೇ ಅದರ ಮೈಮೇಲೆ ನೀರಾಗುತ್ತದೆ. ಇಷ್ಟನ್ನು ದೊಡ್ಡವ್ವ ‘ಒಲಿ ಮ್ಯಾಲಿನ ಹಲಗಿ’ ಎಂಬ ಒಂದು ಮಾತಿನಲ್ಲಿ ಹೇಳಿದ್ದಳು, ಅವಳ ಮಾತಿಗೆ ಗೆರೆಯ ಆಧಾರ ಇರಲಿಲ್ಲ ಅಷ್ಟೇ.

ತಂಗಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. “ತೆಂಗಿನಕಾಯಿ ಒಳಗ ಕೆಟ್ಟಿದ್ದು ಯಾರ ಕೈಯಾಗೂ ಇದ್ದಿಲ್ಲ,” ಎಂದಳು. “ಇದು ನಿನ್ನ ಕೈಯಾಗ ಇತ್ತು. ನಿನ್ನ ಎಂ.ಎಸ್ಸಿ.ಗೆ ಬೆಂಕಿ ಹಚ್ಚ.”

“ಪ್ಯಾಟ್ಯಾಗ ಮಾರಾಕ ಇಟ್ಟಿರ್ತಾರಲ್ಲ, ತರತೇನಿ,” ಎಂದೆ.

ದೊಡ್ಡವ್ವ ಕೈಯ ಕಣಕ ತೊಳೆದುಕೊಂಡು ಬಂದಳು. “ಪ್ಯಾಟಿ ಸಕ್ರಿ ಹೆಂಗ ನಡೀತೈತಿ? ಗಂಡಿನ ಮನಿ ಸಕ್ರಿನ ಬೆಳಗಬೇಕು. ಇವನ್ನ ಕರಗಿಸಿ ಮತ್ತ ಹೊಯ್ಯೂಣು. ಅವರ ಸಕ್ರಿ, ಅವರ ಗೊಂಬಿ. ಇದರಾಗ ಸುಳ್ಳ ಎಲ್ಲೈತಿ?”

“ಅಚ್ಚು?” ಎಂದಳು ಅವ್ವ.

“ಹಿತ್ತಲದ ಮನ್ಯಾಗ ಅದಾವ. ಹೋಗ್ರಿ, ಬಾಯಿ ಮುಚಗೊಂಡು ತರ್ರಿ.”

ತಂಗಿಯೇ ಹೋಗಿ ತಂದಳು. ‘ನೋಡಾಕ ಬೇಕಾಗ್ಯಾವ’ ಎಂದು ಹೇಳಿ ತಂದೆನೆಂದಳು. ಯಾವ ಮನೆಯಲ್ಲಿ ಹುಣ್ಣಿಮೆಯ ಮಧ್ಯಾಹ್ನ ಅಚ್ಚು ನೋಡಲು ತರುತ್ತಾರೆ ಎಂದು ಹಿತ್ತಲ ಮನೆಯವರು ಕೇಳಲಿಲ್ಲವಂತೆ. ಆನೆ, ಬಸವಣ್ಣ, ತುಳಸಿ ಕಟ್ಟೆ ಸಿಕ್ಕವು. ಒಬ್ಬನೇ ಬಡಿಗ ಕೆತ್ತಿದಂತೆ ಎಲ್ಲ ಊರಿನವೂ ಒಂದೇ ತರಹ. ನವಿಲು ಇರಲಿಲ್ಲ. ಕುದುರೆ ಇತ್ತು, ಆದರೆ ಅದರ ಮೇಲೆ ರುಮಾಲು ಸುತ್ತಿದ ಸವಾರ ಕೂತಿದ್ದ.

“ಅವರ ಕುದುರಿ ಬರೇ ಬೆನ್ನಿಂದು,” ಎಂದಳು ತಂಗಿ. “ಮ್ಯಾಲ ಕುಂತಾಂವ ಯಾಂವ ಅಂತ ಕೇಳಿದ್ರ?”

“ರಾಮದುರ್ಗದಿಂದ ಇಲ್ಲೀತನಕ ಕುದುರಿ ಒಂದ ನಡಕೊಂತ ಬಂತೇನ ಅನ್ನು,” ಎಂದಳು ದೊಡ್ಡವ್ವ. ಅವ್ವನಿಗೆ ನಗು ಬಂತು; ಬಂದದ್ದಕ್ಕೆ ಸಿಟ್ಟೂ ಬಂತು.

ಅಚ್ಚುಗಳನ್ನು ನೀರಲ್ಲಿ ನೆನೆಹಾಕಿದರು. ನವಿಲೊಂದನ್ನು ಬಿಟ್ಟು ಉಳಿದ ಗೊಂಬೆಗಳೆಲ್ಲ ದಪ್ಪ ತಳದ ಪಾತ್ರೆಗೆ ಬಿದ್ದವು. ಬಸವಣ್ಣನನ್ನು ಹಾಕುವಾಗ ದೊಡ್ಡವ್ವ ಹಣೆಗೆ ಕೈ ಹಚ್ಚಿಕೊಂಡಳು. ಮೇಲೆ ಒಂದಿಷ್ಟೇ ನೀರು. ಇಷ್ಟು ಕಡಿಮೆ ನೀರಿಗೆ ಇಷ್ಟು ಸಕ್ಕರೆಯೇ ಎಂದು ಕೇಳಲು ಬಾಯಿ ತೆರೆದು, ಮುಚ್ಚಿಕೊಂಡೆ. ಕುದಿ ಬರುವ ಹೊತ್ತಿಗೆ ಕುದುರೆ, ಆನೆ ಯಾವುದೂ ಉಳಿಯದೆ ತಿಳಿಯಾದ ಪಾಕ ಮಾತ್ರ ಇತ್ತು. ಅವಳು ಎರಡು ಚಮಚ ಹಾಲು ಹಾಕಿದಳು. ಹೊಲಸೆಲ್ಲ ನೊರೆಯಾಗಿ ಮೇಲೆ ಬಂತು, ತೆಗೆದು ಚೆಲ್ಲಿದಳು. ಬಟ್ಟೆಯಲ್ಲಿ ಸೋಸಿ ಮತ್ತೆ ಕುದಿಸಿ, ಒಂದು ಹನಿಯನ್ನು ಎರಡು ಬೆರಳ ನಡುವೆ ಎಳೆದು ನೋಡಿ ಕೆಳಗಿಳಿಸಿದಳು.

“ಅಚ್ಚಿಗೆ ದಾರ ಕಟ್ಟಿ ಬರತೇನಿ. ನೋಡಕೊಂತ ಕುಂದರು. ಕೈ ಹಚ್ಚಬ್ಯಾಡ.”

ನಾನು ಕೈ ಹಚ್ಚಲಿಲ್ಲ. ಚಮಚ ಹಚ್ಚಿದೆ. ಅಂಚಿಗೆ ಹತ್ತಿಕೊಂಡದ್ದನ್ನು ಕೆರೆದು ಒಳಗೆ ಬೀಳಿಸಿ ಒಂದೆರಡು ಸಲ ತಿರುಗಿಸಿದೆ. ಬಿಸಿಯಲ್ಲಿ ಮಿತಿಮೀರಿ ಕರಗಿದ ಸಕ್ಕರೆ ಆರುವಾಗ ಒಂದು ನೆಪಕ್ಕಾಗಿ ಕಾಯುತ್ತಿರುತ್ತದೆ. ಒಂದು ಕಾಳು ಬಿದ್ದರೆ ಸಾಕು, ಎಲ್ಲವೂ ಕಾಳಾಗುತ್ತದೆ. ಇದೂ ನನ್ನ ಪಾಠದಲ್ಲಿತ್ತು. ನೋಡನೋಡುತ್ತ ಪಾಕ ಬೆಳ್ಳಗಾಗಿ, ಚಮಚ ನೆಟ್ಟಗೆ ನಿಂತುಕೊಂಡಿತು. ಬೀಗರ ಇಡೀ ಪರಿವಾರ ಪಾತ್ರೆಯ ತಳದಲ್ಲಿ ಒಂದೇ ಕಲ್ಲಾಗಿ ಕೂತಿತ್ತು.

ಆಗ ನಾನು ಅತ್ತೆ. ತಂಗಿಯ ಬದಲು ನಾನು ಅತ್ತದ್ದು ನಿಜವಾಗಿಯೂ ಆಯಿತೋ, ನನ್ನನ್ನು ನಾನೇ ಸ್ವಲ್ಪ ಒಳ್ಳೆಯವಳಾಗಿ ಮಾಡಿಕೊಳ್ಳಲು ಆಮೇಲೆ ಸೇರಿಸಿಕೊಂಡೆನೋ, ಖಾತ್ರಿಯಿಲ್ಲ.

ದೊಡ್ಡವ್ವ ಬಂದು ನೋಡಿದಳು. ಬಯ್ಯುತ್ತಾಳೆಂದು ಕಾದೆ. “ನೀರ ಹಾಕು, ಒಲಿ ಮ್ಯಾಲ ಇಡು,” ಎಂದಳು. “ಸಕ್ರಿ ಏನ ಬೀಗರಾ, ಸಿಟ್ಟ ಹಿಡಿಯಾಕ? ಎಷ್ಟ ಸಲಾ ಕೆಡಸಿದ್ರೂ ಬಿಸಿನೀರಿಗೆ ಮತ್ತ ಬರತೈತಿ. ಹೊತ್ತ ಅಷ್ಟ ಹೋತು.”

ನಾಲ್ಕೂವರೆ ದಾಟಿತ್ತು. ಎರಡನೇ ಸಲ ನನ್ನನ್ನು ಅಡುಗೆಮನೆಯ ಹೊಸ್ತಿಲಾಚೆ ನಿಲ್ಲಿಸಿದರು. ಅವಳೇ ಪಾಕ ಇಳಿಸಿ, ಸೌಟಿನ ಹಿಂಭಾಗದಿಂದ ಎಷ್ಟು ಬೇಕೋ ಅಷ್ಟೇ ತಿಕ್ಕಿ, ಹಾಲಿನ ಬಣ್ಣ ಬಂದ ಕ್ಷಣಕ್ಕೆ ಅಚ್ಚುಗಳಿಗೆ ಹೊಯ್ದಳು. ಸ್ವಲ್ಪ ಹೊತ್ತಿಗೆ ದಾರ ಬಿಚ್ಚಿದರು. ಆನೆ ಬಂತು, ಬಸವಣ್ಣ ಬಂದ, ಕಟ್ಟೆ ಬಂತು, ಸವಾರನ ಸಮೇತ ಕುದುರೆ ಬಂತು. ಆಗ ನನ್ನನ್ನು ಒಳಗೆ ಕರೆದರು. ಬಿಸಿನೀರಲ್ಲಿ ಅದ್ದಿದ ಬಟ್ಟೆಯ ತುದಿಯಿಂದ ಆ ಸವಾರನನ್ನು ತಿಕ್ಕಿ ತಿಕ್ಕಿ ಕರಗಿಸುವ ಕೆಲಸ ನನ್ನದಾಯಿತು. ರುಮಾಲು ಹೋಯಿತು, ಮೀಸೆ ಹೋಯಿತು, ಹೆಗಲು ಹೋಯಿತು. ಕುದುರೆಯ ಬೆನ್ನ ಮೇಲೆ ಒಂದು ಸಣ್ಣ ಗೂನು ಉಳಿಯಿತು. ಆ ದಿನ ನನ್ನ ವಿದ್ಯೆ ಉಪಯೋಗಕ್ಕೆ ಬಂದದ್ದು ಅಷ್ಟು. ನವಿಲಿನ ಕುತ್ತಿಗೆಯನ್ನು ಬಿಸಿ ಪಾಕದಲ್ಲಿ ಅಂಟಿಸಿ, ಗಾಯ ಕಾಣದಂತೆ ದೊಡ್ಡವ್ವ ಅದಕ್ಕೊಂದು ಮಲ್ಲಿಗೆಯ ಸರ ಸುತ್ತಿದಳು.

ಈ ಸಲ ತಾಟು ಒಲೆಯ ಮೇಲಿನ ಹಲಗೆಗೆ ಹೋಯಿತು. ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ.

ಬೀಗರು ದೀಪ ಹಚ್ಚುವ ಹೊತ್ತಿಗೆ ಬಂದರು, ಐದಾರು ಹೆಂಗಸರು. ಹುಡುಗನ ತಾಯಿ ಎಲ್ಲರಿಗಿಂತ ಗಿಡ್ಡ, ಮಾತು ಕಡಿಮೆ, ಕೈ ದೊಡ್ಡವು. ತಂಗಿಗೆ ಸೀರೆ ಉಡಿಸಿದರು, ಉಡಿ ತುಂಬಿದರು. ತಾಟು ಹೊರಗೆ ಬಂತು. ದೀಪದ ಬೆಳಕು ಬಿದ್ದಾಗಲೇ ನಮ್ಮ ನಾಲ್ವರಿಗೂ ಒಮ್ಮೆಲೇ ಕಂಡದ್ದು: ಎರಡು ಸಲ ಕರಗಿ, ಹಾಲಿನಿಂದ ತೊಳೆದುಕೊಂಡು, ಸೋಸಿಕೊಂಡು ಬಂದ ಗೊಂಬೆಗಳು ಹತ್ತಿಯಂತೆ ಬೆಳ್ಳಗಿದ್ದವು. ನಡುವೆ ನವಿಲೊಂದೇ, ಬಂದ ದಿನದ ತಿಳಿಹಳದಿಯಲ್ಲಿ, ಮಲ್ಲಿಗೆ ಸುತ್ತಿಕೊಂಡು ನಿಂತಿತ್ತು. ಸಕ್ಕರೆಯನ್ನು ಶುದ್ಧ ಮಾಡುವ ಕ್ರಮವೇ ಕರಗಿಸಿ ಮತ್ತೆ ಹರಳು ಕಟ್ಟಿಸುವುದು. ಅದನ್ನೂ ನಾನು ಕಲಿಸುತ್ತೇನೆ.

ಹುಡುಗನ ತಾಯಿ ತಾಟಿನ ಹತ್ತಿರ ಬಗ್ಗಿದರು.

“ನವಲ ಒಂದ ಮಾಸಿದ್ಹಾಂಗ ಕಾಣತೈತಿ,” ಎಂದರು. “ಉಳದದ್ದೆಲ್ಲಾ ಇಲ್ಲಿ ಬಂದು ಮತ್ತಿಷ್ಟು ಬೆಳ್ಳಗ ಆಗ್ಯಾವಲ್ರಿ. ನಿಮ್ಮ ಊರ ಹವಾ ಚಲೋ ಐತಿ.”

ದೊಡ್ಡವ್ವನೇ ಬಾಯಿ ತೆರೆದಳು: “ಹೌದ್ರಿ ಬೀಗತಿಯಾರ, ನೀರೂ ಚಲೋ ಐತಿ.”

“ಬೆಳಗವ್ವಾ,” ಎಂದರು ಅವರು ತಂಗಿಗೆ. ಅವಳು ಬೆಳಗಿದಳು. ಗೂನು ಬೆನ್ನಿನ ಕುದುರೆಯನ್ನು ಅವರು ನೋಡಿದರೆಂದು ಅವ್ವ ಈಗಲೂ ಆಣೆ ಮಾಡುತ್ತಾಳೆ. ನಾನು ಆಗ ಗೋಡೆಯನ್ನು ನೋಡುತ್ತಿದ್ದೆ.

ಬೇಸಿಗೆಯಲ್ಲಿ ಲಗ್ನವಾಯಿತು. ತಂಗಿ ಚೆನ್ನಾಗಿದ್ದಾಳೆ, ಇಬ್ಬರು ಮಕ್ಕಳು, ಅಲ್ಲೇ ಕನ್ನಡ ಸಾಲೆಯಲ್ಲಿ ಕೆಲಸ. ಆದರೂ ಪ್ರತಿ ವರ್ಷ ಗೌರಿ ಹುಣ್ಣಿಮೆಗೆ, ಅವರ ಮನೆಯ ಗೌರಿಗೂ ಗೊಂಬೆ ಮಾಡುವ ದಿನ, ಫೋನು ಮಾಡುತ್ತಾಳೆ. “ಅತ್ಯಾರು ಇವತ್ತ ಗೊಂಬಿ ಮಾಡಾಕತ್ತಾರ. ನನ್ನ ಕಡೆ ಒಂದ ನಮೂನಿ ನೋಡಿದ್ರು. ಗೊತ್ತೈತೇನ ಅಕ್ಕಾ ಅವರಿಗೆ?” ಎನ್ನುತ್ತಾಳೆ. ಹೇಳಿಬಿಡು ಎಂದರೆ ಬೇಡ. ನಾನು ಕೇಳಲೇ ಎಂದರೆ, “ನೀ ಮಾಡಿದ್ದು ಸಾಕು.” ಎಂದೂ ಕೇಳುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಬೇಯಿಸಿದ ಬೇಳೆಗೆ ಉಪ್ಪು ಕಡಿಮೆಯಾದ ದಿನವೂ, ಅತ್ತೆ ಸುಮ್ಮನಿದ್ದ ದಿನವೂ ಅವಳಿಗೆ ಆ ತಾಟೇ ನೆನಪಾಗುತ್ತದಂತೆ. ಅವರ ಮನೆಯಲ್ಲಿ ಎಲ್ಲರೂ ಅವಳನ್ನು ಅಕ್ಕರೆಯಿಂದಲೇ ನೋಡಿಕೊಳ್ಳುತ್ತಾರೆ. ಆ ಅಕ್ಕರೆ ತನ್ನದೋ, ಮೋಸದಿಂದ ಬಂದದ್ದೋ ಎನ್ನುವುದಷ್ಟೇ ಅವಳಿಗೆ ಗೊತ್ತಾಗಬೇಕು.

ಹೋದ ವರ್ಷ ಅವಳ ಮೈದುನನಿಗೆ ಹೆಣ್ಣು ಗೊತ್ತಾಯಿತು. ಹುಣ್ಣಿಮೆಗೆ ಎರಡು ದಿನ ಮುಂಚೆ ನಾನು ಅವರ ಮನೆಯಲ್ಲಿದ್ದೆ. ತಂಗಿ ಸಾಲೆಗೆ ಹೋಗಿದ್ದಳು. ಅತ್ಯಾರು ಒಲೆಯ ಮುಂದೆ ಕೂತು ಪಾಕ ಕುದಿಸುತ್ತಿದ್ದರು, ನಾನು ಅಚ್ಚುಗಳಿಗೆ ದಾರ ಕಟ್ಟಿ ಕೊಡುತ್ತಿದ್ದೆ. ಚಮಚ ನನ್ನಿಂದ ದೂರದಲ್ಲಿತ್ತು, ನಾನೇ ಹಾಗೆ ಇಟ್ಟಿದ್ದೆ. ಪಾಕ ತಿಳಿಯಾಗಿತ್ತು. ಅವರು ಹಾಲಿನ ಲೋಟ ಎತ್ತಿ, ಎರಡು ಚಮಚ ಹಾಕಿ, ಮತ್ತೊಂದು ಚಮಚ ತುಂಬಿ, ಏನೋ ನೆನೆದವರಂತೆ ತಡೆದು, ಅದನ್ನೂ ಹಾಕಿದರು. ಹಾಗೆ ತಡೆದರೋ, ಇಲ್ಲ ನನಗೆ ಹಾಗೆ ಕಂಡಿತೋ. ಆ ವರ್ಷ ಅವರು ಕಳಿಸಿದ್ದವು ಹಾಲು ಕಾಣದ ತಿಳಿಹಳದಿ ಗೊಂಬೆಗಳು. ತಂಗಿಗೆ ಕೊಟ್ಟ ಮಾತು ಅಲ್ಲಿಗೆ ಮುರಿಯಿತು.

“ಅತ್ಯಾರ,” ಎಂದೆ, “ಆ ವರ್ಸ ನಿಮ್ಮ ಸೊಸಿ ಬೆಳಗಿದ್ದು ನೀವು ಕಳಿಸಿದ ಗೊಂಬಿ ಅಲ್ಲ ಅಂತ ನಿಮಗ ಅವತ್ತ ಗೊತ್ತಾಗಿತ್ತೇನ್ರಿ?”